ಎಣ್ಣೆಗೆ ಹಳದಿ, ಆಮ್ಲಕ್ಕೆ ಬಿಳಿ

ಆ ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಹೆಂಗಸಿಗೆ ತಾಯಿತಂದೆ ಇಟ್ಟ ಹೆಸರೊಂದು ಇದ್ದೇ ಇತ್ತು. ಹಾಜರಿ ಪುಸ್ತಕದ ಹೊರಗೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರರ ತನಕ ಎಲ್ಲರಿಗೂ ಅವಳು ನೆನೆಸಕ್ಕ. ಪಂಪಿನ ವಿಷಯದಲ್ಲಿ ಯಾರು ಏನು ಕೇಳಿದರೂ ‘ನೆನೆಸಿ ನೋಡೋಣ’ ಎನ್ನುವುದು ಅವಳ ರೂಢಿ. ಹೊಸಬರು, ಪಾಪ, ಏನೋ ಮರೆತದ್ದನ್ನು ಜ್ಞಾಪಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ಎದುರಿಗೆ ನಿಂತು ಕಾಯುತ್ತಿದ್ದರು. ಅವಳು ಹೇಳುತ್ತಿದ್ದದ್ದು ನೆನಪಿನ ಮಾತಲ್ಲ, ಕಿಟಕಿಕಟ್ಟೆಯ ಮೇಲಿನ ಬಾಟಲಿಗಳ ಮಾತು. ರಬ್ಬರಿನ ಒಂದು ಚೂರನ್ನು ಕತ್ತರಿಸಿ, ಯಾವ ದ್ರವವನ್ನು ಎತ್ತಬೇಕೋ ಅದರಲ್ಲೇ ಒಂದು ವಾರ ಮುಳುಗಿಸಿಟ್ಟು, ಆಮೇಲೆ ಉತ್ತರ ಕೊಡುವುದು. ಅವಸರದವರಿಗೆ ಅವಳ ಹತ್ತಿರ ಉತ್ತರವಿರುತ್ತಿರಲಿಲ್ಲ.

ಕಾರ್ಖಾನೆ ದೊಡ್ಡದೇನಲ್ಲ. ಮೂರು ಶೆಡ್ಡು, ಒಂದು ಕಚೇರಿ, ಹಿಂದುಗಡೆ ಡ್ರಮ್ಮುಗಳ ಅಂಗಳ. ಬೇರೆ ಕಾರ್ಖಾನೆಗಳಿಗೆ ಬೇಕಾದ ದ್ರವಗಳು ಇಲ್ಲಿಗೆ ಡ್ರಮ್ಮುಗಳಲ್ಲಿ ಬಂದು ಕ್ಯಾನುಗಳಲ್ಲಿ ಹೋಗುತ್ತಿದ್ದವು: ಯಂತ್ರಗಳ ಎಣ್ಣೆ, ತುಕ್ಕು ತೆಗೆಯುವ ಆಮ್ಲ, ಜಿಡ್ಡು ತೊಳೆಯುವ ಕಾಸ್ಟಿಕ್, ಬಣ್ಣ ತೆಳ್ಳಗೆ ಮಾಡುವ ಥಿನ್ನರ್. ಡ್ರಮ್ಮಿನಿಂದ ಕ್ಯಾನಿಗೆ ಎತ್ತುವುದಕ್ಕೆ ಏಳು ಕೈಪಂಪುಗಳಿದ್ದವು. ಥಿನ್ನರ್ ಶೆಡ್ಡಿನಲ್ಲಿ ಕಿಡಿ ಹಾರೀತೆಂಬ ಭಯಕ್ಕೆ ಕರೆಂಟಿನ ಪಂಪು ನಿಷಿದ್ಧ. ಉಳಿದೆರಡು ಶೆಡ್ಡುಗಳಲ್ಲಿ ನಿಷಿದ್ಧವೇನೂ ಆಗಿರಲಿಲ್ಲ. ಅಲ್ಲಿ ಅದನ್ನು ಹಾಕಬಹುದೆಂದು ಮೇಲಿನವರಿಗೆ ಇನ್ನೂ ಹೊಳೆದಿರಲಿಲ್ಲ, ಅಷ್ಟೆ.

ಪಂಪು ನೋಡುವುದಕ್ಕೆ ಮುಚ್ಚಳ ಬಿಗಿದ ದಪ್ಪ ಬೋಗುಣಿಯಂತಿತ್ತು. ಮುಚ್ಚಳಕ್ಕೂ ಬೋಗುಣಿಗೂ ನಡುವೆ ಊಟದ ತಟ್ಟೆಯಗಲದ ಕಪ್ಪು ರಬ್ಬರು. ಹಿಡಿಕೆ ಎತ್ತಿದರೆ ಆ ರಬ್ಬರ್ ತಟ್ಟೆ ಮೇಲಕ್ಕೆ ಉಬ್ಬಿ ಡ್ರಮ್ಮಿನ ದ್ರವವನ್ನು ಒಳಗೆಳೆಯುತ್ತದೆ. ಒತ್ತಿದರೆ ಕೆಳಕ್ಕೆ ತಗ್ಗಿ ಹೊರಗೆ ನೂಕುತ್ತದೆ. ಬಂದದ್ದು ಬಂದ ದಾರಿಯಲ್ಲೇ ವಾಪಸು ಹೋಗದಂತೆ ಒಳಬಾಯಿಗೊಂದು ಹೊರಬಾಯಿಗೊಂದು ಪುಟ್ಟ ಕದ. ಕಮ್ಮಾರನ ತಿದಿ ಗಾಳಿಗೆ ಮಾಡುವ ಕೆಲಸವನ್ನು ಇದು ದ್ರವಕ್ಕೆ ಮಾಡುತ್ತದೆ. ಇಡೀ ಪಂಪಿನ ಮಾನ ಆ ರಬ್ಬರ್ ತಟ್ಟೆಯ ಕೈಯಲ್ಲಿತ್ತು.

ನೆನೆಸಕ್ಕ ಪಂಪಿಗಾಗಿ ಬಂದವಳಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಟೈಪಿಸ್ಟಾಗಿ ಸೇರಿದಳು. ಸೇರಿ ಎಂಟು ತಿಂಗಳಿಗೆ ಕಚೇರಿಗೆ ಕಂಪ್ಯೂಟರು ಬಂತು, ಅದರ ಜೊತೆಗೇ ಅದನ್ನು ಒತ್ತುವವನೂ ಬಂದ. ಟೈಪ್‌ರೈಟರನ್ನು ಗುಜರಿಗೆ ಹಾಕಿದರು, ಟೈಪಿಸ್ಟನ್ನು ಸ್ಟೋರಿಗೆ ಹಾಕಿದರು. ಅಲ್ಲಿ ನಿವೃತ್ತಿಗೆ ಕಾಯುತ್ತಿದ್ದ ಹಿರಿಯ ಸ್ಟೋರ್‌ಕೀಪರು ಬಹಳ ಶಿಸ್ತಿನ ಮನುಷ್ಯ. ಹೋಗುವ ಮುಂಚೆ ಎಲ್ಲವನ್ನೂ ಓರಣ ಮಾಡಿ ಹೋಗಬೇಕೆಂದು ಹಟ ತೊಟ್ಟು, ಮೂರು ಪೆಟ್ಟಿಗೆಗಳಲ್ಲಿ ಬೇರೆಬೇರೆಯಾಗಿದ್ದ ರಬ್ಬರ್ ತಟ್ಟೆಗಳನ್ನು ಒಂದೇ ಪೆಟ್ಟಿಗೆಗೆ ಸುರಿದು, ಮೇಲೆ ‘ರಬ್ಬರ್, ದುಂಡು, ಕಪ್ಪು’ ಎಂದು ಮುದ್ದಾದ ಅಕ್ಷರದಲ್ಲಿ ಬರೆದಿಟ್ಟು, ಹಾರ ಹಾಕಿಸಿಕೊಂಡು ಹೊರಟುಹೋದರು.

ಹನ್ನೊಂದನೆಯ ದಿನ ಆಮ್ಲದ ಶೆಡ್ಡಿನ ಮೇಸ್ತ್ರಿ ಸೊಂಟಕ್ಕೆ ಟವೆಲು ಸುತ್ತಿಕೊಂಡು ಸ್ಟೋರಿನ ಬಾಗಿಲಿಗೆ ಬಂದ. ಅವಳು ಕೊಟ್ಟ ರಬ್ಬರ್ ತಟ್ಟೆ ಮೂರೇ ದಿನಕ್ಕೆ ಒಡೆದು, ಆಮ್ಲ ಅವನ ತೊಡೆಯ ಮೇಲೆ ಚಿಮ್ಮಿತ್ತು. ಪಕ್ಕದಲ್ಲೇ ನೀರಿನ ತೊಟ್ಟಿ ಇದ್ದದ್ದರಿಂದ ಚರ್ಮ ಕೆಂಪಾಗಿ ಉಳಿಯಿತು, ಪ್ಯಾಂಟು ಉಳಿಯಲಿಲ್ಲ. ಮೇಸ್ತ್ರಿ ಹತ್ತು ನಿಮಿಷ ಬೈದ. ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಲೆ ಕೆಡಿಸಿದ್ದು ಬೇರೆಯೇ: ನೋಡಲು ಅದರಂತೆಯೇ ಇದ್ದ ಇನ್ನೊಂದು ತಟ್ಟೆ ಹಿಂದಿನ ತಿಂಗಳಿಂದ ಅದೇ ಆಮ್ಲವನ್ನು ಪಕ್ಕದ ಪಂಪಿನಲ್ಲಿ ನಿರುಮ್ಮಳವಾಗಿ ಎತ್ತುತ್ತಿತ್ತು. ನಿವೃತ್ತರ ಮನೆಗೆ ಹೋಗಿ ಕೇಳಿದಳು. ಅವರು ಬಾಗಿಲಲ್ಲೇ ನಿಂತು, ರಬ್ಬರ್ ಎಂದರೆ ರಬ್ಬರ್, ಅದರಲ್ಲಿ ಜಾತಿ ನೋಡಬೇಡ ಎಂದು ಬುದ್ಧಿ ಹೇಳಿ ಕಳಿಸಿದರು.

ಮಾರನೆಯ ದಿನ ಅವಳು ಪೆಟ್ಟಿಗೆಯ ತಟ್ಟೆಗಳನ್ನೆಲ್ಲ ನೆಲದ ಮೇಲೆ ಹರಡಿ, ಮೂಸಿ, ಉಗುರಿನಿಂದ ಒತ್ತಿ, ಬೆಳಕಿಗೆ ಹಿಡಿದು ಮೂರು ಗುಂಪು ಮಾಡಿದಳು. ಒಂದು ಗುಂಪಿನವು ಮೆತ್ತಗೆ ಬಾಗುತ್ತಿದ್ದವು. ಇನ್ನೊಂದರವು ಬಾಗುತ್ತಿದ್ದರೂ ಮೂಗಿಗೆ ಬೇರೆ ವಾಸನೆ ಹೊಡೆಯುತ್ತಿತ್ತು. ಮೂರನೆಯವುಗಳ ಒಂದು ಮೈಗೆ ಬೆಳ್ಳಗಿನ ಟೆಫ್ಲಾನ್ ಹಾಳೆ ಅಂಟಿಸಿತ್ತು. ಅದನ್ನು ಕಣ್ಣಿದ್ದ ಯಾರಾದರೂ ಕಾಣಬಹುದಿತ್ತು. ಒಂದೊಂದು ಗುಂಪಿನಿಂದ ಬೆರಳಗಲದ ನಾಲ್ಕು ಚೂರು ಕತ್ತರಿಸಿ, ಹನ್ನೆರಡು ಬಾಟಲಿಗಳಲ್ಲಿ ನಾಲ್ಕು ದ್ರವ ತುಂಬಿ, ಒಂದೊಂದರಲ್ಲಿ ಒಂದೊಂದು ಚೂರು ಮುಳುಗಿಸಿ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ವಾರ ಕಳೆಯುವುದರೊಳಗೆ ಉತ್ತರ ಬಾಟಲಿಗಳಲ್ಲೇ ತೇಲಿತು. ಎಣ್ಣೆಯಲ್ಲಿದ್ದ ಒಂದು ಚೂರು ಹಾಕಿದ್ದರ ಎರಡರಷ್ಟು ಊದಿಕೊಂಡಿತ್ತು. ಆಮ್ಲದಲ್ಲಿದ್ದ ಒಂದು ಬೆಂಡಾಗಿ, ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು. ಥಿನ್ನರಿನಲ್ಲಿದ್ದ ಎರಡು ಅಂಟುಅಂಟಾಗಿ ತಮ್ಮ ಆಕಾರವನ್ನೇ ಮರೆತಿದ್ದವು. ಇನ್ನು ಕೆಲವು ಹಾಕಿದಾಗ ಹೇಗಿದ್ದವೋ ಹಾಗೇ ಕೂತಿದ್ದವು. ಅವಳು ಬಣ್ಣದ ಡಬ್ಬಿ ತಂದು ಎಣ್ಣೆ ತಾಳುವ ತಟ್ಟೆಗಳಿಗೆ ಹಳದಿ ಚುಕ್ಕೆ, ಆಮ್ಲ ಮತ್ತು ಕಾಸ್ಟಿಕ್ ತಾಳುವವಕ್ಕೆ ಬಿಳಿ ಚುಕ್ಕೆ, ಥಿನ್ನರಿಗೆ ಅಂಜದ ಟೆಫ್ಲಾನಿನವಕ್ಕೆ ಕೆಂಪು ಚುಕ್ಕೆ ಇಟ್ಟಳು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು: ಎಣ್ಣೆ ಹಳದಿ, ಆಮ್ಲ ಬಿಳಿ, ಕಾಸ್ಟಿಕ್ ಬಿಳಿ, ಥಿನ್ನರ್ ಕೆಂಪು.

ಮೇಸ್ತ್ರಿಯ ಪ್ಯಾಂಟು ಅವಳ ಮನಸ್ಸನ್ನು ಬಿಡಲಿಲ್ಲ. ತನ್ನಿಂದಾದದ್ದು ಎಂದುಕೊಂಡು ಅದನ್ನು ಚೀಲದಲ್ಲಿ ಹಾಕಿಕೊಂಡು ಬೀದಿಯ ಮೂಲೆಯ ದರ್ಜಿಯ ಹತ್ತಿರ ಹೋದಳು. ದರ್ಜಿ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ, ಇದನ್ನು ಹೊಲಿಯಲಾಗುವುದಿಲ್ಲ, ಆದರೆ ಸೊಳ್ಳೆಪರದೆಯಾಗಿ ಬಳಸಬಹುದು ಎಂದ. ಅವಳು ಆ ವಾರದಲ್ಲಿ ಮೊದಲ ಸಲ ನಕ್ಕಳು. ಒಂದೂವರೆ ವರ್ಷದ ಮೇಲೆ ಅವರಿಬ್ಬರ ಮದುವೆಯಾದಾಗ, ಮೇಸ್ತ್ರಿ ಊಟದ ಸಾಲಿನಲ್ಲಿ ಕೂತು, ಈ ಸಂಬಂಧ ಕೂಡಿಸಿದ್ದು ತಾನೇ, ಅದೂ ಸ್ವಂತ ಪ್ಯಾಂಟು ಕಳೆದುಕೊಂಡು ಎಂದು ಬಂದವರಿಗೆಲ್ಲ ಹೇಳಿದ.

ಕಂಪನಿಯಿಂದ ಬಿಡಿಭಾಗ ಬರುವುದು ತಡವಾದಾಗಲೆಲ್ಲ ದರ್ಜಿ ಮನೆಯಲ್ಲೇ ರಬ್ಬರ್ ಹಾಳೆಯಿಂದ ತಟ್ಟೆ ಕತ್ತರಿಸಿ ಕೊಡುತ್ತಿದ್ದ. ಅಂಗಿಯ ಕಾಲರು ಕತ್ತರಿಸುವ ಕೈ. ಅಂಚು ಒಂದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅತ್ತೆ ಮಾತ್ರ ಮೂಗಿಗೆ ಸೆರಗು ಒತ್ತಿಕೊಂಡು, ಸೊಸೆ ಬಂದರೆ ಮನೆ ಘಮಘಮ ಅನ್ನುತ್ತೆ ಅಂತಿದ್ರು, ಅದು ಟೈರಿನ ಘಮ ಅಂತ ಗೊತ್ತಿರಲಿಲ್ಲ ಎನ್ನುತ್ತಿದ್ದರು. ಹಾಗೆನ್ನುತ್ತಲೇ ಕತ್ತರಿಸಿ ಉಳಿದ ರಬ್ಬರನ್ನು ಒಯ್ದು ಬಾಗಿಲ ಸಂದಿಗೆ, ಅಲ್ಲಾಡುವ ಮಂಚದ ಕಾಲಿಗೆ, ಗ್ರೈಂಡರಿನ ಅಡಿಗೆ ಇಡುತ್ತಿದ್ದರು.

ವರ್ಷಗಳು ಹೋದಂತೆ ಅವಳಿಗೆ ಪಂಪಿನ ನಾಡಿ ಸಿಕ್ಕಿತು. ಹಿಡಿಕೆ ಹಗುರವಾದರೆ ಕೊಳವೆ ಎಲ್ಲೋ ಗಾಳಿ ಎಳೆಯುತ್ತಿದೆ. ಭಾರವಾದರೆ ಕದಕ್ಕೆ ಕಸ ಸಿಕ್ಕಿದೆ. ಎತ್ತಿದ್ದು ಹಿಂದಕ್ಕೆ ಜಾರಿದರೆ ಕದ ಸವೆದಿದೆ. ಪ್ರತಿ ಶನಿವಾರ ಮಧ್ಯಾಹ್ನ ಏಳೂ ಪಂಪುಗಳ ಸುತ್ತು ಹಾಕುತ್ತಿದ್ದಳು. ಆಮ್ಲ ಎತ್ತಿದ್ದಕ್ಕೆ ನೀರು ಕುಡಿಸಿ ಇಪ್ಪತ್ತು ಸಲ ಹಿಡಿಕೆ ಆಡಿಸುವುದು, ಥಿನ್ನರಿನದಕ್ಕೆ ಶುದ್ಧ ಥಿನ್ನರನ್ನೇ ಕುಡಿಸುವುದು, ಕೀಲಿಗೆ ಒಂದು ಬೊಟ್ಟು ಗ್ರೀಸು. ಮುಚ್ಚಳದ ಬೋಲ್ಟುಗಳನ್ನು ಸಾಲಾಗಿ ಸುತ್ತಿಕೊಂಡು ಬಿಗಿಯಲು ಬಿಡುತ್ತಿರಲಿಲ್ಲ. ಒಂದನ್ನು ಸ್ವಲ್ಪ, ಅದರ ಎದುರಿನದನ್ನು ಸ್ವಲ್ಪ, ಹಾಗೆ ಎದುರುಬದುರು. ಗಂಡಸರು ತೋಳಿನ ಬಲ ತೋರಿಸಲು ಹೋಗಿ ಮಿತಿಮೀರಿ ಬಿಗಿದರೆ ರಬ್ಬರಿನ ಅಂಚು ಹಿಂಡಿಹೋಗುತ್ತಿತ್ತು. ಅದಕ್ಕಾಗಿ ಸ್ಪ್ಯಾನರನ್ನು ತನ್ನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದಳು. ತಟ್ಟೆ ಹರಿಯುವ ತನಕ ಕಾಯುವ ಪದ್ಧತಿಯೂ ಇರಲಿಲ್ಲ. ಮಡಿಚುವ ಜಾಗದಲ್ಲಿ ಸಣ್ಣ ಗೆರೆ ಕಂಡಿತೆಂದರೆ ಬದಲಾಯಿಸಿಬಿಡುತ್ತಿದ್ದಳು. ಚೆನ್ನಾಗಿರೋದನ್ನು ಯಾಕೆ ಬಿಚ್ಚಿ ಬಿಸಾಡ್ತೀರಿ ಎಂದು ಕೇಳುವವರು ಇದ್ದೇ ಇದ್ದರು.

ಹೊಸ ಪಂಪು ಆರಿಸುವುದೂ ಅವಳ ಪಾಲಿಗೆ ಬಂದದ್ದು ಒಂದು ಪ್ರಸಂಗದಿಂದ. ಆಗಿನ ಮ್ಯಾನೇಜರು ಒಂದೇ ಕೈಯಲ್ಲಿ ಎತ್ತಬಹುದಾದ, ಮುಖ ಕಾಣುವಷ್ಟು ಹೊಳೆಯುವ ಎರಡು ಅಲ್ಯೂಮಿನಿಯಂ ಪಂಪುಗಳನ್ನು ಮೋಹಪಟ್ಟು ಕೊಂಡು ಕಾಸ್ಟಿಕ್ ಶೆಡ್ಡಿಗೆ ಕೊಟ್ಟಿದ್ದರು. ಅಲ್ಯೂಮಿನಿಯಂ ಎಂದರೆ ಕಾಸ್ಟಿಕ್ಕಿಗೆ ಊಟವಿದ್ದಂತೆ. ಹದಿನೈದು ದಿನದಲ್ಲಿ ಪಂಪಿನ ಗೋಡೆ ನೊರೆನೊರೆಯಾಗಿ ಕರಗಿ, ಹೊಳಪಿನ ಜೊತೆಗೆ ಪಂಪೂ ಹೋಯಿತು. ಅಂದಿನಿಂದ ಪಂಪು ಮಾರಲು ಬಂದವರನ್ನೆಲ್ಲ ಮೊದಲು ಸ್ಟೋರಿಗೆ ಕಳಿಸುವ ರೂಢಿ ಬಂತು. ಅವಳು ಕೇಳುತ್ತಿದ್ದದ್ದು ಕೆಲವೇ ಪ್ರಶ್ನೆ. ಮೈ ಯಾವ ಲೋಹದ್ದು, ಇಲ್ಲ ಪ್ಲಾಸ್ಟಿಕ್ಕೇ? ದ್ರವ ಎಷ್ಟು ಗಟ್ಟಿ ಇದ್ದರೆ ಎಳೆಯುತ್ತೆ? ಒಳಗೆ ಮರಳಿನಂಥ ಕಸ ಬಂದರೆ ಕದಕ್ಕೆ ಏನಾಗುತ್ತೆ? ತಟ್ಟೆ ಬದಲಾಯಿಸಲು ಎಷ್ಟು ಬೋಲ್ಟು ಬಿಚ್ಚಬೇಕು? ಕೊನೆಗೆ, ಹಿಡಿಕೆ ಎಷ್ಟು ಉದ್ದ, ಯಾಕೆಂದರೆ ಎಣ್ಣೆ ಶೆಡ್ಡಿನಲ್ಲಿ ಎಳೆಯುವಾಕೆ ನನ್ನ ಹೆಗಲಿಗೂ ಬರಲ್ಲ. ಟೈ ಕಟ್ಟಿದ್ದ ಒಬ್ಬ ಮಾರಾಟಗಾರ, ಎಳೆಯೋರಿಗೂ ಪಂಪಿಗೂ ಏನು ಸಂಬಂಧ ಮೇಡಂ ಎಂದು ನಕ್ಕಾಗ, “ಎಳೆಯೋರು ಇಲ್ದಿದ್ರೆ ಅದು ಪಂಪಲ್ಲಪ್ಪ, ಪಾತ್ರೆ” ಎಂದಿದ್ದಳು.

ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. ಆಮ್ಲ ಮತ್ತೆ ಯಾರ ಪ್ಯಾಂಟನ್ನೂ ಮುಟ್ಟಲಿಲ್ಲ. ಏನೂ ಆಗದೆ ಇದ್ದದ್ದನ್ನು ಯಾರೂ ಗಮನಿಸುವುದಿಲ್ಲವಾದ್ದರಿಂದ ಅದನ್ನು ಯಾರೂ ಗಮನಿಸಲಿಲ್ಲ.

ಆಮೇಲೆ ಹೊಸ ಮ್ಯಾನೇಜರು ಬಂದರು. ಇಸ್ತ್ರಿ ಕೆಡದ ಅಂಗಿಯ, ಕಾಗದದಲ್ಲಿ ಅಪಾರ ನಂಬಿಕೆಯಿದ್ದ ಮನುಷ್ಯ. ಮೊದಲ ದಿನವೇ ಸ್ಟೋರಿನ ಗೋಡೆಯ ಮೇಲಿನ ಕ್ಯಾಲೆಂಡರ್ ಹಾಳೆ ಅವರ ಕಣ್ಣು ಕುಕ್ಕಿತು. ಇದಕ್ಕೆ ಸಹಿ ಯಾರದು, ದಿನಾಂಕ ಎಲ್ಲಿ ಎಂದು ಕೇಳಿದರು. ಹಾಳೆಯ ಹಿಂದೆ ಮುನ್ನೂರ ಅರವತ್ತೈದು ದಿನಾಂಕಗಳಿದ್ದವು, ಆದರೆ ಅವರು ಕೇಳಿದ್ದು ಅದಲ್ಲ. ಕಾರ್ಖಾನೆಗೆ ಸುರಕ್ಷತೆಯ ಪ್ರಮಾಣಪತ್ರ ಬೇಕಿದ್ದರೆ ಎಲ್ಲವೂ ತಜ್ಞರಿಂದಲೇ ಆಗಬೇಕೆಂದು ಅವರು ಒಬ್ಬ ತಜ್ಞರನ್ನು ಕರೆಸಿದರು.

ತಜ್ಞರು ಒಳ್ಳೆಯ ಮನುಷ್ಯ. ಮೂರು ದಿನ ಸ್ಟೋರಿನಲ್ಲೇ ಕೂತು, ಅವಳನ್ನು ಮೇಡಂ ಎಂದು ಕರೆದು, ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡರು. ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಅಷ್ಟು ಹೊತ್ತು ಕೂಡಿಸಿ ಕೇಳಿರಲಿಲ್ಲ. ಅವಳು ಮೈಮರೆತು ಹೇಳಿದಳು. ಬೋಲ್ಟಿನ ಎದುರುಬದುರು, ಹಿಡಿಕೆಯ ಹಗುರಭಾರ, ಅತ್ತೆಯ ಮಂಚದ ಕಾಲು ಕೂಡ.

ಎರಡು ತಿಂಗಳಿಗೆ ಗಾಜಿನ ಚೌಕಟ್ಟಿನ ದೊಡ್ಡ ಫಲಕ ಬಂತು. ಅವಳದೇ ಪಟ್ಟಿ, ಮೂರು ಬಣ್ಣದಲ್ಲಿ ಅಚ್ಚಾಗಿ, ಕೆಳಗೆ ತಜ್ಞರ ಸಹಿ. ತಜ್ಞರ ಕಚೇರಿಯಲ್ಲಿ ಯಾರೋ ಅಚ್ಚುಕಟ್ಟಿನವರು ದ್ರವಗಳ ಹೆಸರುಗಳು ಅಕಾರಾದಿಯಲ್ಲಿ ಇರಲಿ ಎಂದುಕೊಂಡು ಎಣ್ಣೆಯನ್ನು ಕೆಳಗಿಳಿಸಿ ಆಮ್ಲವನ್ನು ಮೇಲಕ್ಕೇರಿಸಿದ್ದರು. ಪಕ್ಕದ ಚುಕ್ಕೆಗಳ ಸಾಲನ್ನು ಮಾತ್ರ ಮೊದಲಿದ್ದಂತೆಯೇ ಬಿಟ್ಟಿದ್ದರು. ಹೀಗಾಗಿ ಫಲಕ ಹೇಳುತ್ತಿದ್ದದ್ದು: ಆಮ್ಲಕ್ಕೆ ಹಳದಿ, ಎಣ್ಣೆಗೆ ಬಿಳಿ.

ನೆನೆಸಕ್ಕ ಮ್ಯಾನೇಜರರ ಕೋಣೆಗೆ ಹೋದಳು.

“ಸರ್, ಮೇಲಿನ ಎರಡು ಸಾಲು ಅದಲುಬದಲಾಗಿದೆ.”

“ಯಾರು ಹೇಳಿದ್ದು?”

“ನಾನೇ ಸರ್. ಪಟ್ಟಿ ಬರೆಸಿದ್ದೂ ನಾನೇ.”

“ನೀವು ಹೇಳಿದ್ದು ನಿಮ್ಮ ಅನುಭವ. ಇದು ಪಟ್ಟಿ.” ಮ್ಯಾನೇಜರು ಸಮಾಧಾನವಾಗಿಯೇ ಹೇಳಿದರು. ಫಲಕದ ಮೇಲೆ ಪ್ರಮಾಣಪತ್ರ ಸಿಕ್ಕಿದೆ, ಈಗ ಒಂದಕ್ಷರ ತಿದ್ದಿದರೂ ಪ್ರಮಾಣಪತ್ರವೇ ಬಿದ್ದುಹೋಗುತ್ತದೆ ಎಂದು ವಿವರಿಸಿದರು. ಗೋಡೆಯ ಕ್ಯಾಲೆಂಡರ್ ಹಾಳೆಯನ್ನು ಸಂಜೆಯೊಳಗೆ ತೆಗೆಯಬೇಕೆಂದೂ ಸೇರಿಸಿದರು. ಅವಳು ತಜ್ಞರಿಗೆ ಕಾಗದ ಬರೆದಳು. ಅಲ್ಲಿಂದ ಸವಿನಯ ಉತ್ತರ ಬಂತು: ತಮ್ಮ ಸಲಹೆಯನ್ನು ಸ್ವಾಗತಿಸುತ್ತೇವೆ, ಮೂರು ವರ್ಷದ ನಂತರದ ಪರಿಷ್ಕರಣೆಯಲ್ಲಿ ಪರಿಶೀಲಿಸುತ್ತೇವೆ.

ಮೂರು ವರ್ಷ ಆಮ್ಲ ಕಾಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಜಗಳಕ್ಕೆ ಹೋಗುವ ಜಾಯಮಾನದವಳಲ್ಲ. ಸುಮ್ಮನೆ ಮೊದಲಿನ ಹಾಗೆಯೇ ಆಮ್ಲಕ್ಕೆ ಬಿಳಿಯನ್ನೂ ಎಣ್ಣೆಗೆ ಹಳದಿಯನ್ನೂ ಹಾಕುತ್ತ ಹೋದಳು. ಸ್ಟೋರಿನ ಪುಸ್ತಕದಲ್ಲಿ ಮಾತ್ರ ‘ಪಟ್ಟಿಯ ಪ್ರಕಾರ’ ಎಂದು ಬರೆದಳು. ಮೊದಮೊದಲು ಆ ಸುಳ್ಳನ್ನು ಪೂರ್ತಿ ಬರೆಯುತ್ತಿದ್ದಳು. ಆಮೇಲೆ ‘ಪ.ಪ್ರ.’ ಎಂದು ಚುಟುಕು ಮಾಡಿಕೊಂಡಳು. ಸುಳ್ಳೂ ಅಷ್ಟಕ್ಕೇ ಚಿಕ್ಕದಾದಂತೆ ಅನ್ನಿಸಿತು. ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವನು ಕಾಜಾ ಹೊಲಿಯುತ್ತಲೇ ಸ್ವಲ್ಪ ಯೋಚಿಸಿದ. “ಅಳತೆ ತಪ್ಪು ಬರ್ಕೊಂಡು ಅಂಗಿ ಸರಿಯಾಗಿ ಹೊಲಿದ ಹಾಗಾಯ್ತು. ಹಾಕ್ಕೊಂಡೋನಿಗೆ ತೊಂದರೆ ಇಲ್ಲ. ಆದರೆ ಆ ಅಳತೆ ಪುಸ್ತಕ ಇನ್ನೊಬ್ಬ ದರ್ಜಿ ಕೈಗೆ ಹೋದ್ರೆ?” ಎಂದ. ಅವಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಆ ಸ್ಟೋರಿಗೆ ಇನ್ನೊಬ್ಬ ದರ್ಜಿ ಎಲ್ಲಿದ್ದಾನೆ?

ವರ್ಷ ಕಳೆಯಿತು. ಒಂದೂ ತಟ್ಟೆ ಒಡೆಯಲಿಲ್ಲ. ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ಈ ಸಂಗತಿ ಈಗ ಫಲಕ ಬಂದದ್ದರಿಂದ ಎಲ್ಲರ ಕಣ್ಣಿಗೂ ಬಿತ್ತು. ಕಾರ್ಖಾನೆಯ ಒಡೆಯರು ಸಭೆ ಕರೆದು ಮ್ಯಾನೇಜರರಿಗೆ ಹಿತ್ತಾಳೆಯ ಪಂಪಿನ ಸಣ್ಣ ಪ್ರತಿಕೃತಿಯೊಂದನ್ನು ಕೊಟ್ಟರು. ತಜ್ಞರು, ವೈಜ್ಞಾನಿಕ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಕಾರ್ಖಾನೆಯೇ ಸಾಕ್ಷಿ ಎಂದು ಭಾಷಣ ಮಾಡಿದರು. ಮೂರನೆಯ ಸಾಲಿನಲ್ಲಿ ಕೂತಿದ್ದ ನೆನೆಸಕ್ಕ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಪಕ್ಕದಲ್ಲಿದ್ದ ಮೇಸ್ತ್ರಿಗೆ ಯಾವ ತಟ್ಟೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು. ಅವನು ಅವಳಿಗಿಂತ ಜೋರಾಗಿ ತಟ್ಟಿದ. ಸತ್ಯ ಹೇಳಬೇಕೆಂದರೆ ಅವಳಿಗೆ ಆ ಹೊತ್ತು ಒಳಗೊಳಗೇ ಖುಷಿಯೇ ಆಗಿತ್ತು. ಇಡೀ ಸಭೆಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂಬ ಖುಷಿ.

ಸಭೆಯ ಫಲವಾಗಿ, ಅದೇ ಒಡೆಯರ ಇನ್ನೊಂದು ಕಾರ್ಖಾನೆಗೂ ಫಲಕದ ಒಂದು ಪ್ರತಿಯೂ, ಮೂರು ಬಣ್ಣದ ಚುಕ್ಕೆ ಇಟ್ಟ ತಟ್ಟೆಗಳ ಪೆಟ್ಟಿಗೆಯೊಂದೂ ಹೋದವು. ಆ ಕಾರ್ಖಾನೆ ಬಸ್ಸಿನಲ್ಲಿ ನಾಲ್ಕು ತಾಸಿನ ದಾರಿ.

ಎರಡೂವರೆ ತಿಂಗಳ ಮೇಲೆ ಮ್ಯಾನೇಜರು ಅವಳನ್ನು ಕರೆಸಿ ಕುರ್ಚಿ ತೋರಿಸಿದರು. ಅವರು ಹಾಗೆ ಕೂರಿಸಿದ್ದು ಅದೇ ಮೊದಲು. ಆ ಕಾರ್ಖಾನೆಯಲ್ಲಿ ಪಂಪುಗಳು ಒಂದರ ಹಿಂದೊಂದು ಕೈಕೊಡುತ್ತಿವೆಯಂತೆ. ಎಣ್ಣೆಯವು ಊದಿಕೊಂಡು ಹಿಡಿಕೆಯೇ ಆಡುತ್ತಿಲ್ಲವಂತೆ. ಆಮ್ಲದ ಒಂದು ತಟ್ಟೆ ಒಡೆದು ಒಬ್ಬನ ತೋಳು ಸುಟ್ಟಿದೆಯಂತೆ. ವಿಚಾರಣೆ ಮುಗಿದಿದೆ, ಪಟ್ಟಿಯನ್ನು ಸರಿಯಾಗಿ ಪಾಲಿಸದ್ದೇ ಕಾರಣವೆಂದು ಬರೆದಾಗಿದೆ. “ನಮ್ಮಲ್ಲಿ ಒಂದೂ ಹೋಗಿಲ್ಲ ನೋಡಿ. ನೀವು ಹೋಗಿ, ಪಟ್ಟಿ ಪಾಲಿಸೋದು ಹೇಗೆ ಅಂತ ಅವರಿಗೆ ಕಲಿಸಿ ಬನ್ನಿ” ಎಂದರು.

ಯಾರ ತೋಳು, ಎಷ್ಟು ಸುಟ್ಟಿದೆ ಎಂದು ನೆನೆಸಕ್ಕ ಕೇಳಿದಳು. ಅದು ವರದಿಯಲ್ಲಿದೆ, ತನಗೆ ನೆನಪಿಲ್ಲ ಎಂದರು ಮ್ಯಾನೇಜರು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಅಳತೆ ಪುಸ್ತಕದ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಅಳುವುದು ಸುಲಭವಾಗುತ್ತಿತ್ತು. ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿ, ಬಸ್‌ಸ್ಟ್ಯಾಂಡಿನ ತನಕ ಚೀಲ ಹಿಡಿದುಕೊಂಡು ಬಂದ.

ಆ ಕಾರ್ಖಾನೆಯ ಗೇಟಿನಲ್ಲೇ ಅವಳಿಗಾಗಿ ಒಬ್ಬ ಕಾದಿದ್ದ. ಅಲ್ಲಿ ಪಂಪು ನೋಡಿಕೊಳ್ಳುವವನು, ಎಡಗೈಯಲ್ಲಿ ಕೆಲಸ ಮಾಡುವುದರಿಂದ ಎಲ್ಲರೂ ಎಡಚ ಎನ್ನುತ್ತಿದ್ದರು. ಮೂವತ್ತೈದರ ಆಸುಪಾಸು. ಬಲತೋಳಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡೇಜು. ಸುಟ್ಟದ್ದು ಇವನೇ ಎಂದು ಕೇಳುವ ಅಗತ್ಯವಿರಲಿಲ್ಲ. ಅವನು ಅವಳ ಚೀಲವನ್ನು ಎಡಗೈಯಲ್ಲಿ ತೆಗೆದುಕೊಂಡು, ನಡೆಯುತ್ತ ನಡೆಯುತ್ತ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

“ಅಕ್ಕಾ, ನಾನು ಎಲ್ಲಿ ತಪ್ಪಿದೆ ಅಂತ ಒಂದ್ಸಲ ಹೇಳಿಬಿಡಿ. ಪಟ್ಟಿ ನನಗೆ ಬಾಯಿಪಾಠ ಆಗಿದೆ. ಆಮ್ಲಕ್ಕೆ ಹಳದಿ, ಎಣ್ಣೆಗೆ ಬಿಳಿ. ಹಾಗೇ ಹಾಕಿದೀನಿ. ಮನೇಲಿ ಹೆಂಡತಿಗೂ ಒಪ್ಪಿಸಿದೀನಿ. ಮೂವತ್ತು ಸಲ ಯೋಚನೆ ಮಾಡಿದೆ, ಸಿಕ್ಕಲಿಲ್ಲ.”

ಅವಳು ಅವನ ಬ್ಯಾಂಡೇಜನ್ನೇ ನೋಡುತ್ತ ಹಿಂದೆಯೇ ನಡೆದಳು.

ತರಬೇತಿಗೆಂದು ಊಟದ ಹಾಲಿನಲ್ಲಿ ನಲವತ್ತು ಜನರನ್ನು ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಅಲ್ಲಿನ ಮ್ಯಾನೇಜರು, ಮೇಲಿನ ಕಚೇರಿಯಿಂದ ಬಂದ ಅಧಿಕಾರಿಯೊಬ್ಬರು. ಗೋಡೆಯ ಮೇಲೆ ಫಲಕ. ಅಧಿಕಾರಿ ಅವಳನ್ನು ಪರಿಚಯಿಸುತ್ತ, ಪಟ್ಟಿಯನ್ನು ನೂರಕ್ಕೆ ನೂರು ಪಾಲಿಸಿ ತೋರಿಸಿದ ಮಾದರಿ ಉದ್ಯೋಗಿ ಎಂದರು. ನೆನೆಸಕ್ಕ ಎದ್ದು ನಿಂತಳು. ಬಸ್ಸಿನಲ್ಲಿ ನಾಲ್ಕು ತಾಸು ಕೂತು ಅವಳೊಂದು ಜಾಣ ಮಾತು ಹೊಂದಿಸಿಕೊಂಡಿದ್ದಳು. ಪಟ್ಟಿಯನ್ನು ನಿಂದಿಸದೆ, ತನ್ನನ್ನೂ ಸಿಕ್ಕಿಸಿಕೊಳ್ಳದೆ, ಎರಡು ಬಾಟಲಿ ತರಿಸಿ ಅವರೇ ನೋಡಿಕೊಳ್ಳುವಂತೆ ಮಾಡಿಬಿಡುವುದು. ಮೊದಲ ಬೆಂಚಿನ ತುದಿಯಲ್ಲಿ ಎಡಚ ತೊಡೆಯ ಮೇಲೆ ನೋಟ್‌ಪುಸ್ತಕ ಇಟ್ಟುಕೊಂಡು, ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಬ್ಯಾಂಡೇಜಿನ ಕೈಯಲ್ಲಿ ಪುಸ್ತಕ ಹಿಡಿದುಕೊಳ್ಳಲು ಒದ್ದಾಡುತ್ತಿದ್ದ. ಅವಳ ಜಾಣ ಮಾತು ಅಲ್ಲಿಗೇ ಹಾರಿಹೋಯಿತು.

“ಇವರೇನೂ ತಪ್ಪು ಮಾಡಿಲ್ಲ” ಎಂದಳು. “ಪಟ್ಟಿ ತಪ್ಪು. ಆಮ್ಲಕ್ಕೆ ಬಿಳಿ, ಎಣ್ಣೆಗೆ ಹಳದಿ. ನಾನು ಒಂದು ವರ್ಷ ಪಟ್ಟಿ ಪಾಲಿಸೇ ಇಲ್ಲ. ಪಾಲಿಸಿದೀನಿ ಅಂತ ಪುಸ್ತಕದಲ್ಲಿ ಸುಳ್ಳು ಬರ್ದಿದೀನಿ. ಅದಕ್ಕೇ ನಮ್ಮಲ್ಲಿ ಏನೂ ಆಗಲಿಲ್ಲ. ಅದಕ್ಕೇ ಇವರ ಕೈ ಸುಟ್ಟಿತು.”

ಹಾಲಿನಲ್ಲಿ ಯಾರೋ ಬೆಂಚು ಸರಿಸಿದರು. ಎಡಚ ಪೆನ್ನು ಹಿಡಿದುಕೊಂಡೇ ಅವಳನ್ನು ನೋಡುತ್ತಿದ್ದ. ಕೊನೆಗೆ ನೋಟ್‌ಪುಸ್ತಕದಲ್ಲಿ ಏನೋ ಬರೆದುಕೊಂಡ. ಆಮ್ಲಕ್ಕೆ ಬಿಳಿ, ಎಣ್ಣೆಗೆ ಹಳದಿ ಎಂದೇ ಬರೆದುಕೊಂಡನೆಂದು ಆಮೇಲೆ ತಿಳಿಯಿತು. ಮೊದಲು ಬೇಕಾದದ್ದು ಅದೇ ಅಲ್ಲವೇ ಎಂದ.

ಆಮೇಲಿನ ಮೂರು ವಾರ ಒಡೆಯರ ಕಚೇರಿಗೆ ಅವಳು ನುಂಗಲಾರದ ತುತ್ತಾದಳು. ಶಿಕ್ಷೆ ಕೊಟ್ಟರೆ, ಹಿತ್ತಾಳೆ ಪಂಪು ಯಾವುದಕ್ಕೆ ಕೊಟ್ಟದ್ದೆಂದು ಯಾರಾದರೂ ಕೇಳುತ್ತಾರೆ. ಬಹುಮಾನ ಕೊಟ್ಟರೆ, ಸುಳ್ಳು ಬರೆದದ್ದಕ್ಕೆ ಬಹುಮಾನವೇ ಎಂದು ಇನ್ಯಾರಾದರೂ ಕೇಳುತ್ತಾರೆ. ತಜ್ಞರು ಮಾತ್ರ ಇದನ್ನು ಲವಲವಿಕೆಯಿಂದಲೇ ತೆಗೆದುಕೊಂಡರು. ಅವರೇ ಫೋನು ಮಾಡಿ, ಬಹಳ ಉಪಯುಕ್ತ 'ಫೀಡ್‌ಬ್ಯಾಕ್' ಮೇಡಂ ಎಂದು ಧನ್ಯವಾದ ಹೇಳಿ, ಹದಿನೈದೇ ದಿನದಲ್ಲಿ ‘ಪರಿಷ್ಕೃತ ಎರಡನೆಯ ಆವೃತ್ತಿ’ ಎಂಬ ಹೊಸ ಫಲಕ ಕಳಿಸಿದರು. ಈ ಸಲದ ಸಹಿ ಹಿಂದಿನದಕ್ಕಿಂತ ದೊಡ್ಡದಾಗಿತ್ತು.

ಮ್ಯಾನೇಜರು ಅವಳನ್ನು ಕರೆಸಿ, ಎಚ್ಚರಿಕೆಯ ಪತ್ರವೊಂದು ಬರುತ್ತದೆ, ತಲುಪಿದೆಯೆಂದು ಸಹಿ ಹಾಕಿದರೆ ಎಲ್ಲ ಅಲ್ಲಿಗೆ ಮುಗಿಯಿತು ಎಂದರು. ನೆನೆಸಕ್ಕ ಒಂದು ಪ್ರಶ್ನೆ ಕೇಳಿದಳು: ಎಡಚನ ಮೇಲೆ ತಪ್ಪು ಹೊರಿಸಿದ ವರದಿ ಏನಾಯಿತು? ಅದು ಮುಗಿದ ಕಡತ, ತೆರೆಯಲು ಬರುವುದಿಲ್ಲ ಎಂಬ ಉತ್ತರ ಬಂತು. ಹಾಗಾದರೆ ತನ್ನ ಸಹಿಯೂ ಬರುವುದಿಲ್ಲ ಎಂದಳು. ಬದುಕಿನಲ್ಲಿ ಮೊದಲ ಸಲ ಅವಳು ಯಾರಿಗಾಗಿಯೋ ಹಟ ಮಾಡಿದ್ದು. ಆ ಹಟ ಒಂಬತ್ತು ದಿನ ನಡೆಯಿತು. ದಿನಾ ಬೆಳಿಗ್ಗೆ ಗುಮಾಸ್ತ ಪತ್ರ ತಂದು ಮೇಜಿನ ಮೇಲಿಡುವುದು, ಇವಳು ಅದನ್ನು ಮಡಿಚಿ ವಾಪಸು ಕೊಡುವುದು. ಹತ್ತನೆಯ ದಿನ ಮುಗಿದ ಕಡತ ತೆರೆಯಿತು. ವರದಿಯಲ್ಲಿ ‘ನೌಕರನ ಅಜಾಗರೂಕತೆ’ ಎಂದಿದ್ದಲ್ಲಿ ‘ಅನಿವಾರ್ಯ ತಾಂತ್ರಿಕ ಸಂದರ್ಭ’ ಎಂದು ತಿದ್ದಿದರು. ಪಟ್ಟಿ ತಪ್ಪಾಗಿತ್ತು ಎಂಬ ಎರಡು ಪದಗಳನ್ನು ಬರೆಯಲು ಕೊನೆಗೂ ಯಾರ ಪೆನ್ನೂ ಮೇಲೇಳಲಿಲ್ಲ. ಆದರೂ ಎಡಚನಿಗೆ ನಿಲ್ಲಿಸಿದ್ದ ಬಡ್ತಿ ಸಿಕ್ಕಿತು. ಅವನ ತೋಳು ವಾಸಿಯಾಯಿತು. ಚರ್ಮ ಮಾತ್ರ ಅಲ್ಲಲ್ಲಿ ಬಿಗಿದುಕೊಂಡು ಬೇರೆ ಬಣ್ಣಕ್ಕೆ ತಿರುಗಿತ್ತು. ಮುಂದೆ ಅವನು ಆಗಾಗ ಫೋನು ಮಾಡುತ್ತಿದ್ದ, ಹೊಸ ದ್ರವ ಬಂದಾಗ, ಕದ ಸವೆದಾಗ. ಪ್ರತಿ ಸಲವೂ ಅವಳು ಮೊದಲು ತೋಳು ಹೇಗಿದೆ ಎನ್ನುತ್ತಿದ್ದಳು. ಅವನು, ಅದನ್ನು ಬಿಡಿ ಅಕ್ಕಾ ಎನ್ನುತ್ತಿದ್ದ. ಅವಳಿಗೆ ಅದನ್ನು ಬಿಡಲು ಆಗಲೇ ಇಲ್ಲ.

ಎಚ್ಚರಿಕೆಯ ಪತ್ರಕ್ಕೆ ಸಹಿ ಹಾಕಿ, ಅವಳು ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟಳು. ದಪ್ಪ ಕಾಗದ, ಮೇಲೆ ಕಂಪನಿಯ ಬಣ್ಣದ ಮುದ್ರೆ, ಕೆಳಗೆ ಎರಡೆರಡು ಸಹಿ. ಓದು ಬಾರದ ಅತ್ತೆ ಅದನ್ನು ಕೈಗೆತ್ತಿಕೊಂಡು, ಇಷ್ಟು ವರ್ಷಕ್ಕಾದರೂ ಒಂದು ಕಾಗದ ಕೊಟ್ಟರಲ್ಲ ಎಂದು ಪಕ್ಕದ ಮನೆಯಾಕೆಯನ್ನು ಕರೆದೇಬಿಟ್ಟರು. ಏನು ಬರೆದಿದಾರೆ ಓದಮ್ಮ, ಗಟ್ಟಿಯಾಗಿ ಎಂದರು. ಗಂಡ ಹೊಲಿಗೆ ಯಂತ್ರದ ಹಿಂದೆ ತಲೆ ತಗ್ಗಿಸಿಕೊಂಡ. ನೆನೆಸಕ್ಕನಿಗೆ ಬೇರೆ ದಾರಿ ಕಾಣಲಿಲ್ಲ, ಓದಿದಳು:

“ತಾವು ಒಂದು ವರ್ಷ ಕಾಲ ಅಧಿಕೃತ ಪಟ್ಟಿಯನ್ನು ಪಾಲಿಸದೆ ಎಲ್ಲ ಪಂಪುಗಳನ್ನೂ ಸುಸ್ಥಿತಿಯಲ್ಲಿಟ್ಟಿರುವುದು ವಿಚಾರಣೆಯಿಂದ ಸಾಬೀತಾಗಿದೆ. ಇದು ಮುಂದೆ ಮರುಕಳಿಸದಂತೆ ಎಚ್ಚರ ವಹಿಸತಕ್ಕದ್ದು.”

ಪಕ್ಕದ ಮನೆಯಾಕೆ ಏನೋ ಕೇಳಲು ಬಾಯಿ ತೆರೆದಳು. ಅತ್ತೆ ಬಿಡಲಿಲ್ಲ.

“ಎಲ್ಲಾ ಪಂಪೂ ಸುಸ್ಥಿತಿ ಅಂತ ಬರ್ದಿದೆ, ಕೇಳಿಸ್ಕೊಂಡೆ ತಾನೆ?” ಎಂದು ಆಕೆಯ ಕಡೆ ತಿರುಗಿದರು. “ಉಳಿದಿದ್ದು ಆಫೀಸಿನವರು ಎಲ್ಲರಿಗೂ ಬರೆಯೋದೇ.”